ಲಾಗೋಸ್ ನಗರದಲ್ಲಿ ಡಾನ್ಫೋ ಮಿನಿಬಸ್ ಪ್ರಯಾಣ: ಮಾಹಿತಿ ಮತ್ತು ಸೂಚನೆಗಳು

1. ಪೀಠಿಕೆ

ಪಶ್ಚಿಮ ಆಫ್ರಿಕಾದ ನೈಜೀರಿಯಾ ದೇಶದ ಅತಿದೊಡ್ಡ ನಗರ ಲಾಗೋಸ್. 1991ರ ಡಿಸೆಂಬರ್‌ನಲ್ಲಿ ರಾಜಧಾನಿಯು ಅಬುಜಾಕ್ಕೆ ಸ್ಥಳಾಂತರಗೊಂಡಿದ್ದರೂ ವಾಣಿಜ್ಯ, ಬ್ಯಾಂಕಿಂಗ್ ಮತ್ತು ಬಂದರು ವ್ಯವಹಾರಗಳ ಕೇಂದ್ರವಾಗಿ ಲಾಗೋಸ್ ಮುಂದುವರಿದಿದೆ. ವ್ಯಾಪಾರ, ಕೈಗಾರಿಕೆ ಮತ್ತು ವೃತ್ತಿಪರ ಸೇವೆಗಳ ನಿಮಿತ್ತ ಭಾರತೀಯರು ಹಲವು ದಶಕಗಳಿಂದ ಈ ನಗರದಲ್ಲಿ ವಾಸವಾಗಿದ್ದಾರೆ. ಈ ನಗರದ ಸಾಮಾನ್ಯ ಜನರ ಸಂಚಾರವು ಬಹುಮಟ್ಟಿಗೆ ‘ಡಾನ್ಫೋ’ ಎಂದು ಕರೆಯಲಾಗುವ ಖಾಸಗಿ ಮಿನಿಬಸ್ಸುಗಳನ್ನು ಅವಲಂಬಿಸಿದೆ. ಈ ವಾಹನಗಳ ಸ್ವರೂಪ, ಹಣಕಾಸಿನ ವ್ಯವಸ್ಥೆ, ಪ್ರಯಾಣದ ಕ್ರಮ ಮತ್ತು ಅನುಸರಿಸಬೇಕಾದ ಮುನ್ನೆಚ್ಚರಿಕೆಗಳ ಕುರಿತು ಸಾರ್ವಜನಿಕರ ಉಪಯೋಗಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ನಗರದ ಸ್ವರೂಪ

ಲಾಗೋಸ್ ನಗರವು ವಿಶಾಲವಾದ ಉಪ್ಪುನೀರಿನ ಹಿನ್ನೀರಿನ ಎರಡು ಬದಿಗಳಲ್ಲಿ ಹರಡಿಕೊಂಡಿದೆ. ಒಂದು ಬದಿಯಲ್ಲಿ ಇಕೇಜ, ಒಶೋಡಿ, ಮುಶಿನ್, ಯಾಬ, ಸುರುಲೆರೆ ಮೊದಲಾದ ವಸತಿ ಹಾಗೂ ಕೈಗಾರಿಕಾ ಪ್ರದೇಶಗಳನ್ನು ಒಳಗೊಂಡ ‘ಮೇನ್‌ಲ್ಯಾಂಡ್’ ಇದೆ. ಇನ್ನೊಂದು ಬದಿಯಲ್ಲಿ ಲಾಗೋಸ್ ದ್ವೀಪ, ಇಕೋಯಿ ಮತ್ತು ವಿಕ್ಟೋರಿಯಾ ದ್ವೀಪಗಳಿವೆ. ಬ್ಯಾಂಕುಗಳು, ದೊಡ್ಡ ಕಚೇರಿಗಳು ಮತ್ತು ಹಳೆಯ ಮಾರುಕಟ್ಟೆಗಳು ದ್ವೀಪದ ಕಡೆಯಲ್ಲಿದ್ದು, ದುಡಿಯುವ ಜನರಲ್ಲಿ ಹೆಚ್ಚಿನವರು ಮೇನ್‌ಲ್ಯಾಂಡ್‌ನಲ್ಲಿ ವಾಸಿಸುತ್ತಾರೆ. ಆದುದರಿಂದ ಪ್ರತಿದಿನ ಬೆಳಿಗ್ಗೆ ಜನಪ್ರವಾಹವು ದ್ವೀಪದ ಕಡೆಗೂ ಸಂಜೆ ಮೇನ್‌ಲ್ಯಾಂಡ್ ಕಡೆಗೂ ಸಾಗುತ್ತದೆ.

ಈ ಎರಡು ಭಾಗಗಳನ್ನು ಮೂರು ಸೇತುವೆಗಳು ಜೋಡಿಸುತ್ತವೆ. ಕಾರ್ಟರ್ ಸೇತುವೆಯು ಇವುಗಳಲ್ಲಿ ಅತ್ಯಂತ ಹಳೆಯದು. ಎರಡನೆಯದು ಎಕೋ ಸೇತುವೆ. 1990ರಲ್ಲಿ ಪೂರ್ಣಗೊಂಡ ಥರ್ಡ್ ಮೇನ್‌ಲ್ಯಾಂಡ್ ಸೇತುವೆಯು ಸುಮಾರು 11.8 ಕಿಲೋಮೀಟರ್ ಉದ್ದವಿದ್ದು, ಕೆಲವು ವರ್ಷಗಳ ಕಾಲ ಆಫ್ರಿಕಾ ಖಂಡದ ಅತಿ ಉದ್ದದ ಸೇತುವೆಯೆಂದು ಪರಿಗಣಿಸಲ್ಪಟ್ಟಿತ್ತು. ಇವುಗಳಲ್ಲಿ ಯಾವುದಾದರೊಂದರ ಮೇಲೆ ವಾಹನ ಕೆಟ್ಟು ನಿಂತರೂ ದುರಸ್ತಿ ಕಾರ್ಯ ನಡೆದರೂ ಅದರ ಪರಿಣಾಮವು ನಗರದ ಬಹುಭಾಗಕ್ಕೆ ತಟ್ಟುತ್ತದೆ. ಇಂತಹ ವಾಹನ ದಟ್ಟಣೆಗೆ ಸ್ಥಳೀಯರು ‘ಗೋ-ಸ್ಲೋ’ ಎಂಬ ಹೆಸರನ್ನು ಬಳಸುತ್ತಾರೆ.

ಜನಸಂಖ್ಯೆಯ ವಿಷಯದಲ್ಲಿಯೂ ಒಮ್ಮತವಿಲ್ಲ. 2006ರ ರಾಷ್ಟ್ರೀಯ ಜನಗಣತಿಯು ಲಾಗೋಸ್ ರಾಜ್ಯದ ಜನಸಂಖ್ಯೆಯನ್ನು ಸುಮಾರು 91 ಲಕ್ಷವೆಂದು ಪ್ರಕಟಿಸಿತು. ರಾಜ್ಯ ಸರ್ಕಾರವು ಅದನ್ನು ಒಪ್ಪದೆ ತನ್ನದೇ ಎಣಿಕೆಯ ಆಧಾರದ ಮೇಲೆ ಸುಮಾರು 1 ಕೋಟಿ 75 ಲಕ್ಷವೆಂದು ಘೋಷಿಸಿತು. ಎಷ್ಟು ಜನರಿಗೆ ಎಷ್ಟು ಬಸ್ಸುಗಳು ಬೇಕೆಂಬ ಲೆಕ್ಕದ ಬುನಾದಿಯಲ್ಲೇ ಇಷ್ಟೊಂದು ಅಂತರವಿರುವುದನ್ನು ಗಮನಿಸಬಹುದು.

3. ವಾಹನದ ವಿವರ

ಹಳದಿ ಬಣ್ಣದ ಮೈ ಮತ್ತು ಅದರ ಸುತ್ತ ಎರಡು ಕಪ್ಪು ಪಟ್ಟಿಗಳು ಡಾನ್ಫೋ ವಾಹನದ ಗುರುತು. ಆರಂಭದಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯ ಮಿನಿಬಸ್ಸುಗಳೇ ಹೆಚ್ಚಾಗಿದ್ದವು. ಅನಂತರ ಟೊಯೋಟಾ, ನಿಸಾನ್ ಮೊದಲಾದ ಕಂಪನಿಗಳ ವಾಹನಗಳೂ ಸೇರಿಕೊಂಡವು. ಇವುಗಳಲ್ಲಿ ಬಹುಪಾಲು ಹೊರದೇಶಗಳಲ್ಲಿ ಬಳಕೆಯಾಗಿ ಆಮದಾದ ಹಳೆಯ ವಾಹನಗಳಾಗಿವೆ. ಸರಕು ಸಾಗಣೆಗೆಂದು ತಯಾರಾದ ವಾಹನದೊಳಗೆ ಸ್ಥಳೀಯ ಬೆಸುಗೆಗಾರರು ಆಸನಗಳನ್ನು ಜೋಡಿಸಿಕೊಡುವ ಪದ್ಧತಿಯೂ ಉಂಟು. ಸಾಮಾನ್ಯವಾಗಿ 14ರಿಂದ 18 ಪ್ರಯಾಣಿಕರು ಒಂದು ವಾಹನದಲ್ಲಿ ಕುಳಿತುಕೊಳ್ಳುತ್ತಾರೆ. ಒಂದು ಸಾಲಿನಲ್ಲಿ ಮೂರು ಅಥವಾ ನಾಲ್ಕು ಜನರಿದ್ದು, ಕಾಲು ಚಾಚಲು ಅವಕಾಶ ಬಹಳ ಕಡಿಮೆ.

ಡಾನ್ಫೋಗಿಂತ ದೊಡ್ಡದಾದ ‘ಮೊಲುವೆ’ ಎಂಬ ಬಸ್ಸುಗಳು ಹಿಂದೆ ನಗರದ ತುಂಬ ಸಂಚರಿಸುತ್ತಿದ್ದವು. ಲಾರಿಯ ತಳಕಟ್ಟಿನ ಮೇಲೆ ಸ್ಥಳೀಯವಾಗಿ ಮೈ ಕಟ್ಟಿದ ಈ ಬಸ್ಸುಗಳಲ್ಲಿ ಕುಳಿತವರಿಗಿಂತ ನಿಂತವರೇ ಹೆಚ್ಚಾಗಿರುತ್ತಿದ್ದರು. 2000ದ ದಶಕದ ನಂತರ ಇವುಗಳನ್ನು ಮುಖ್ಯ ರಸ್ತೆಗಳಿಂದ ಹಂತಹಂತವಾಗಿ ದೂರ ಮಾಡಲಾಯಿತು.

4. ಮಾಲೀಕ, ಚಾಲಕ ಮತ್ತು ನಿರ್ವಾಹಕ

ಡಾನ್ಫೋ ಸೇವೆಗೆ ವೇಳಾಪಟ್ಟಿ, ಮುದ್ರಿತ ಟಿಕೆಟ್ ಅಥವಾ ಮಾಸಿಕ ವೇತನವೆಂಬುದು ಇರುವುದಿಲ್ಲ. ಅದರ ಆರ್ಥಿಕ ವ್ಯವಸ್ಥೆಯನ್ನು ತಿಳಿದುಕೊಂಡಲ್ಲಿ ಚಾಲಕರ ಆತುರಕ್ಕೂ ದರಗಳ ಏರಿಳಿತಕ್ಕೂ ಕಾರಣವು ಸ್ಪಷ್ಟವಾಗುತ್ತದೆ.

ಹೆಚ್ಚಿನ ಚಾಲಕರು ವಾಹನದ ಮಾಲೀಕರಲ್ಲ. ಮಾಲೀಕರಿಗೆ ಪ್ರತಿದಿನ ನಿಗದಿತ ಮೊತ್ತವನ್ನು ಸಲ್ಲಿಸುವ ಕರಾರಿನ ಮೇಲೆ ಅವರು ವಾಹನವನ್ನು ಪಡೆಯುತ್ತಾರೆ. ಈ ಮೊತ್ತವನ್ನು ಸ್ಥಳೀಯವಾಗಿ ‘ಡೆಲಿವರಿ’ ಎನ್ನುತ್ತಾರೆ. ಕಂತುಗಳಲ್ಲಿ ಬೆಲೆ ತೀರಿಸಿ ಕೊನೆಗೆ ವಾಹನವನ್ನು ತನ್ನದಾಗಿಸಿಕೊಳ್ಳುವ ಬಾಡಿಗೆ-ಖರೀದಿ ಪದ್ಧತಿಯೂ ಬಳಕೆಯಲ್ಲಿದೆ. ದಿನದ ಒಟ್ಟು ವಸೂಲಿಯಿಂದ ಈ ಕೆಳಕಂಡ ವೆಚ್ಚಗಳನ್ನು ಭರಿಸಬೇಕಾಗುತ್ತದೆ:

(ಅ) ಮಾಲೀಕರಿಗೆ ಸಲ್ಲಿಸಬೇಕಾದ ಡೆಲಿವರಿ ಅಥವಾ ಕಂತು
(ಆ) ಇಂಧನ
(ಇ) ನಿಲ್ದಾಣಗಳಲ್ಲಿ ಮತ್ತು ದಾರಿಯಲ್ಲಿ ಕೊಡಬೇಕಾದ ಶುಲ್ಕ ಹಾಗೂ ವಸೂಲಿಗಳು
(ಈ) ಸಣ್ಣಪುಟ್ಟ ದುರಸ್ತಿ ಮತ್ತು ದಂಡ
(ಉ) ನಿರ್ವಾಹಕನ ದಿನಗೂಲಿ

ಇಷ್ಟೂ ಕಳೆದು ಉಳಿದದ್ದು ಚಾಲಕನ ಗಳಿಕೆಯಾಗಿರುತ್ತದೆ. ಸಂಚಾರ ದಟ್ಟಣೆಯಲ್ಲಿ ಒಂದು ಸುತ್ತು ತಪ್ಪಿದಲ್ಲಿ ಆ ನಷ್ಟವು ಮಾಲೀಕನ ಪಾಲಿನಿಂದಾಗಲಿ ವಸೂಲಿಗಾರರ ಪಾಲಿನಿಂದಾಗಲಿ ಕಡಿತವಾಗುವುದಿಲ್ಲ. ಅದು ಪೂರ್ಣವಾಗಿ ಚಾಲಕ ಮತ್ತು ನಿರ್ವಾಹಕರ ಪಾಲಿನಿಂದಲೇ ಕಡಿತವಾಗುತ್ತದೆ. ನಸುಕಿನಿಂದ ತಡರಾತ್ರಿಯವರೆಗಿನ ದುಡಿಮೆ, ಎದುರು ದಿಕ್ಕಿನ ಪಥದಲ್ಲಿ ನುಗ್ಗುವುದು, ನಿಲುಗಡೆಗೆ ಮುಂಚೆಯೇ ಪ್ರಯಾಣಿಕರನ್ನು ಇಳಿಸಿ ಹಿಂತಿರುಗುವುದು ಮುಂತಾದ ದೋಷಗಳ ಹಿಂದೆ ಈ ಲೆಕ್ಕವೇ ಬಹುಮಟ್ಟಿಗೆ ಕೆಲಸ ಮಾಡುತ್ತದೆ.

ನಿರ್ವಾಹಕನು ತೆರೆದ ಬಾಗಿಲಿನಲ್ಲಿ ನಿಂತು ಅಥವಾ ಜೋತುಬಿದ್ದು ಗಮ್ಯಸ್ಥಾನದ ಹೆಸರನ್ನು ಕೂಗುತ್ತಾನೆ. ದರ ವಸೂಲಿ, ಚಿಲ್ಲರೆ ವಿತರಣೆ, ಪ್ರಯಾಣಿಕರೊಡನೆ ಮಾತುಕತೆ ಮತ್ತು ವಸೂಲಿಗಾರರೊಡನೆ ಚೌಕಾಸಿ ಅವನ ಕೆಲಸಗಳಾಗಿವೆ.

5. ನಿಲ್ದಾಣಗಳು, ಸಂಘ ಮತ್ತು ವಸೂಲಿ

ರಸ್ತೆ ಸಾರಿಗೆ ಕಾರ್ಮಿಕರ ರಾಷ್ಟ್ರೀಯ ಒಕ್ಕೂಟವು 1978ರಲ್ಲಿ ಸ್ಥಾಪನೆಗೊಂಡಿತು. ‘ಮೋಟಾರ್ ಪಾರ್ಕ್’ ಎಂದು ಕರೆಯಲಾಗುವ ನಿಲ್ದಾಣಗಳಲ್ಲಿ ಸರದಿ ನಿರ್ವಹಣೆ ಮತ್ತು ಶುಲ್ಕ ಸಂಗ್ರಹಣೆಯು ದೀರ್ಘಕಾಲ ಈ ಒಕ್ಕೂಟದ ಹಿಡಿತದಲ್ಲಿತ್ತು. 2022ರಲ್ಲಿ ಒಕ್ಕೂಟದ ಒಳಗಿನ ವಿವಾದದ ನಂತರ ಲಾಗೋಸ್ ರಾಜ್ಯ ಸರ್ಕಾರವು ನಿಲ್ದಾಣಗಳ ನಿರ್ವಹಣೆಗೆ ಪ್ರತ್ಯೇಕ ಸಮಿತಿಯನ್ನು ರಚಿಸಿತು.

ನಿಲ್ದಾಣಗಳಲ್ಲಿ ಮತ್ತು ರಸ್ತೆಬದಿಯ ನಿಲುಗಡೆಗಳಲ್ಲಿ ವಾಹನಗಳಿಂದ ಹಣ ಪಡೆಯುವವರನ್ನು ‘ಅಗ್ಬೆರೊ’ ಎನ್ನುತ್ತಾರೆ. ಹಣ ಕೊಡಲು ನಿರಾಕರಿಸಿದಲ್ಲಿ ಕನ್ನಡಿ ಅಥವಾ ವೈಪರ್ ಕಿತ್ತುಕೊಳ್ಳುವುದು, ನಿರ್ವಾಹಕನ ಮೇಲೆ ಕೈಮಾಡುವುದು ಸಾಮಾನ್ಯ ದೂರುಗಳಾಗಿವೆ. ಹಲವು ಬಗೆಯ ವಸೂಲಿಗಳನ್ನು ಒಂದುಗೂಡಿಸುವ ಉದ್ದೇಶದಿಂದ ರಾಜ್ಯ ಸರ್ಕಾರವು 2022ರ ಫೆಬ್ರವರಿ 1ರಿಂದ ದಿನಕ್ಕೆ 800 ನೈರಾಗಳ ಏಕೀಕೃತ ಶುಲ್ಕವನ್ನು ಘೋಷಿಸಿತು. ಆದರೂ ಅದೇ ವರ್ಷದ ಅಕ್ಟೋಬರ್ 31ರಂದು ಚಾಲಕರ ಒಂದು ಗುಂಪು ನಿಲ್ದಾಣಗಳಲ್ಲಿನ ಬಲವಂತದ ವಸೂಲಿಯನ್ನು ವಿರೋಧಿಸಿ ಏಳು ದಿನಗಳ ಮುಷ್ಕರಕ್ಕೆ ಕರೆ ನೀಡಿತು. ಇಂತಹ ವಸೂಲಿಯ ಹೊರೆಯು ಅಂತಿಮವಾಗಿ ಪ್ರಯಾಣ ದರದೊಳಗೆ ಸೇರಿ ಪ್ರಯಾಣಿಕರ ಮೇಲೆಯೇ ಬೀಳುತ್ತದೆ.

ವಾಹನ ಮತ್ತು ವಸೂಲಿಗಾರರ ನಡುವೆ ಜಗಳ ನಡೆಯುವಾಗ ಪ್ರಯಾಣಿಕರು ಮಧ್ಯೆ ಪ್ರವೇಶಿಸದೆ ತಮ್ಮ ಆಸನದಲ್ಲಿಯೇ ಇರುವುದು ಕ್ಷೇಮಕರ.

6. ಪ್ರಯಾಣ ದರ ಮತ್ತು ಚಿಲ್ಲರೆ

ದರವನ್ನು ಎಲ್ಲಿಯೂ ಬರೆದಿರುವುದಿಲ್ಲ. ದೂರ, ಹೊತ್ತು, ಮಳೆ, ಇಂಧನದ ಲಭ್ಯತೆ ಮತ್ತು ಕಾಯುತ್ತಿರುವವರ ಸಂಖ್ಯೆ ಇವುಗಳಿಗೆ ಅನುಗುಣವಾಗಿ ಒಂದೇ ಮಾರ್ಗದ ದರವು ಒಂದೇ ದಿನದಲ್ಲಿ ಹಲವು ಬಾರಿ ಬದಲಾಗುತ್ತದೆ. ಸಂಜೆಯ ವೇಳೆ ಒಂದು ಮಾರ್ಗವನ್ನು ಎರಡು ತುಂಡುಗಳಾಗಿ ಮಾಡಿ ಪ್ರತಿ ತುಂಡಿಗೂ ಪ್ರತ್ಯೇಕ ದರ ಪಡೆಯುವುದೂ ಉಂಟು. ಆದ್ದರಿಂದ ಈ ಪುಟದಲ್ಲಿ ಮಾರ್ಗವಾರು ದರಗಳನ್ನು ನಮೂದಿಸಿರುವುದಿಲ್ಲ.

2023ರ ಮೇ 29ರಂದು ನೂತನ ಅಧ್ಯಕ್ಷರು ಅಧಿಕಾರ ವಹಿಸಿಕೊಂಡ ದಿನ ಪೆಟ್ರೋಲ್ ಸಹಾಯಧನವನ್ನು ಕೊನೆಗೊಳಿಸಿರುವುದಾಗಿ ಘೋಷಿಸಲಾಯಿತು. ಲೀಟರಿಗೆ 200 ನೈರಾಗಿಂತ ಕಡಿಮೆಯಿದ್ದ ಪೆಟ್ರೋಲ್ ಬೆಲೆ ಕೆಲವೇ ದಿನಗಳಲ್ಲಿ ಸುಮಾರು 500 ನೈರಾಗಳಿಗೆ ಏರಿತು. ಮುಂದಿನ ವರ್ಷ ಅದು ಇನ್ನೂ ಹೆಚ್ಚಿತು. ಡಾನ್ಫೋ ದರಗಳು ಅದರೊಡನೆಯೇ ಏರಿದವು. ದಿನಗೂಲಿ ಮತ್ತು ಕಡಿಮೆ ವೇತನದ ನೌಕರರು ದೂರದ ಕೆಲಸವನ್ನು ಬಿಡುವುದು, ಕೆಲಸದ ಸ್ಥಳದಲ್ಲಿಯೇ ರಾತ್ರಿ ಕಳೆಯುವುದು ಅಥವಾ ಪ್ರಯಾಣದ ಒಂದು ಭಾಗವನ್ನು ನಡೆದು ಕ್ರಮಿಸುವುದು ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದ ಪರಿಸ್ಥಿತಿ ಉಂಟಾಯಿತು.

ನಾಣ್ಯ ವ್ಯವಸ್ಥೆಯು ನೈರಾ ಮತ್ತು ಕೊಬೊಗಳಲ್ಲಿದೆ. ವ್ಯವಹಾರವು ನೋಟುಗಳಲ್ಲಿಯೇ ನಡೆಯುತ್ತದೆ. ಚಿಲ್ಲರೆಯ ಕೊರತೆಯು ಜಗಳಗಳಿಗೆ ಮುಖ್ಯ ಕಾರಣ. ‘ಚಿಲ್ಲರೆ ಇಟ್ಟುಕೊಂಡು ಹತ್ತಿ’ ಎಂಬರ್ಥದ ಕೂಗು ಪ್ರತಿ ನಿಲುಗಡೆಯಲ್ಲಿಯೂ ಕೇಳಿಬರುತ್ತದೆ. ಚಿಲ್ಲರೆ ಇಲ್ಲದಿದ್ದಾಗ ನಿರ್ವಾಹಕನು ಇಬ್ಬರು ಅಪರಿಚಿತ ಪ್ರಯಾಣಿಕರಿಗೆ ಸೇರಿಸಿ ಒಂದು ದೊಡ್ಡ ನೋಟನ್ನು ಕೊಟ್ಟುಬಿಡುತ್ತಾನೆ. ಇಬ್ಬರೂ ಇಳಿದು ಅಂಗಡಿಯಲ್ಲಿ ನೋಟು ಮುರಿಸಿ ಪಾಲು ಮಾಡಿಕೊಳ್ಳಬೇಕಾಗುತ್ತದೆ. 2023ರ ಆರಂಭದಲ್ಲಿ ಹಳೆಯ ನೋಟುಗಳ ಬದಲಾವಣೆಯಿಂದ ನಗದಿನ ತೀವ್ರ ಅಭಾವ ಉಂಟಾದಾಗ ಖಾತೆಯಲ್ಲಿ ಹಣವಿದ್ದರೂ ಬಸ್ಸಿಗೆ ಕೊಡಲು ನೋಟಿಲ್ಲದೆ ಜನರು ಪರದಾಡಿದರು. ಆದುದರಿಂದ 50, 100 ಮತ್ತು 200 ನೈರಾಗಳ ನೋಟುಗಳನ್ನು ಹಿಂದಿನ ದಿನವೇ ಸಂಗ್ರಹಿಸಿಟ್ಟುಕೊಳ್ಳುವುದು ಸೂಕ್ತ.

7. ಪ್ರಯಾಣದ ಕ್ರಮ

7.1 ರಸ್ತೆಯ ಬದಿ: ನೈಜೀರಿಯಾದಲ್ಲಿ 1972ರ ಏಪ್ರಿಲ್ 2ರಿಂದ ವಾಹನಗಳು ರಸ್ತೆಯ ಬಲಬದಿಯಲ್ಲಿ ಸಂಚರಿಸುತ್ತವೆ. ಭಾರತದಿಂದ ಹೋದವರು ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡತಕ್ಕದ್ದು. ಬಸ್ಸಿನ ಬಾಗಿಲು ಬಲಗಡೆಗೆ ಇರುತ್ತದೆ. ಹೆದ್ದಾರಿಗಳಲ್ಲಿ ಪಾದಚಾರಿ ಮೇಲ್ಸೇತುವೆಯನ್ನೇ ಬಳಸತಕ್ಕದ್ದು.

7.2 ನಿಲುಗಡೆಯ ಹೆಸರು: ನಿಲುಗಡೆಗಳಲ್ಲಿ ಹಲವಕ್ಕೆ ಫಲಕಗಳಿಲ್ಲ. ರೂಢಿಯ ಹೆಸರುಗಳೇ ಗುರುತು. ಲಾಗೋಸ್ ದ್ವೀಪದ ‘ಸಿ.ಎಂ.ಎಸ್.’ ನಿಲುಗಡೆಗೆ ಚರ್ಚ್ ಮಿಷನರಿ ಸೊಸೈಟಿಯ ಪುಸ್ತಕದ ಅಂಗಡಿಯಿಂದ ಆ ಹೆಸರು ಬಂದಿದೆ. ‘ಬರ್ಗರ್’ ಎಂಬುದು ರಸ್ತೆ ನಿರ್ಮಾಣ ಕಂಪನಿಯೊಂದರ ಹೆಸರು. ‘ಮೈಲ್ 2’ ಮತ್ತು ‘ಮೈಲ್ 12’ ಎಂಬ ಹೆಸರಿನ ಸ್ಥಳಗಳು ನಗರದ ಬೇರೆ ಬೇರೆ ದಿಕ್ಕುಗಳಲ್ಲಿದ್ದು, ಇವೆರಡನ್ನು ಒಂದೇ ರಸ್ತೆಯ ಮೈಲಿಗಲ್ಲುಗಳೆಂದು ಭಾವಿಸಬಾರದು. ಹೊರಡುವ ಮೊದಲು ಇಳಿಯಬೇಕಾದ ನಿಲುಗಡೆಯ ರೂಢಿಯ ಹೆಸರನ್ನೂ ಅದಕ್ಕಿಂತ ಹಿಂದಿನ ನಿಲುಗಡೆಯ ಹೆಸರನ್ನೂ ಕೇಳಿ ತಿಳಿದುಕೊಳ್ಳತಕ್ಕದ್ದು.

7.3 ಹತ್ತುವುದು: ಮೋಟಾರ್ ಪಾರ್ಕಿನಲ್ಲಿ ಸರದಿಯಲ್ಲಿರುವ ವಾಹನವು ತುಂಬಿದ ನಂತರವೇ ಹೊರಡುತ್ತದೆ. ಹತ್ತುವ ಮೊದಲು ಗಮ್ಯಸ್ಥಾನ ಮತ್ತು ದರ ಎರಡನ್ನೂ ನಿರ್ವಾಹಕನಿಂದ ಸ್ಪಷ್ಟವಾಗಿ ಕೇಳಿಕೊಳ್ಳತಕ್ಕದ್ದು. ಚಲಿಸುತ್ತಿರುವ ವಾಹನವನ್ನು ಹತ್ತಬಾರದು. ಚಾಲಕನ ಪಕ್ಕದ ಆಸನದಲ್ಲಿ ಕುಳಿತವರು ಸೀಟು ಬೆಲ್ಟ್ ಧರಿಸತಕ್ಕದ್ದು.

7.4 ಹಣ ಕೊಡುವುದು: ವಾಹನವು ಹೊರಟ ಸ್ವಲ್ಪ ಹೊತ್ತಿನಲ್ಲಿ ನಿರ್ವಾಹಕನು ಯೊರುಬಾ ಭಾಷೆಯಲ್ಲಿ ‘ಒವೊ ದಾ’, ಅಂದರೆ ‘ಹಣ ಎಲ್ಲಿ’ ಎಂದು ಕೇಳುತ್ತಾನೆ. ಹಿಂದಿನ ಸಾಲುಗಳ ಹಣವು ಪ್ರಯಾಣಿಕರ ಕೈಯಿಂದ ಕೈಗೆ ದಾಟಿ ಮುಂದಕ್ಕೆ ಹೋಗುತ್ತದೆ. ಚಿಲ್ಲರೆಯೂ ಹಾಗೆಯೇ ಹಿಂದಕ್ಕೆ ಬರುತ್ತದೆ. ಈ ವ್ಯವಹಾರವು ಅಪರಿಚಿತರ ಪರಸ್ಪರ ನಂಬಿಕೆಯ ಮೇಲೆಯೇ ಪ್ರತಿದಿನ ನಡೆಯುತ್ತದೆ.

7.5 ಇಳಿಯುವುದು: ಇಳಿಯಬೇಕಾದವರು ನಿಲುಗಡೆಯ ಹೆಸರನ್ನು ಹೇಳಿ ‘ಒ ವಾ’ ಎಂದು ಗಟ್ಟಿಯಾಗಿ ಕೂಗಬೇಕು. ‘ಇಳಿಯುವವರು ಇದ್ದಾರೆ’ ಎಂಬುದು ಇದರ ತಾತ್ಪರ್ಯ. ವಾಹನ ಪೂರ್ಣವಾಗಿ ನಿಂತ ಮೇಲೆಯೇ ಇಳಿಯತಕ್ಕದ್ದು. ಬರಬೇಕಾದ ಚಿಲ್ಲರೆಯನ್ನು ಇಳಿಯುವ ಮೊದಲೇ ಕೇಳಿ ಪಡೆಯತಕ್ಕದ್ದು.

7.6 ಮಾರ್ಗದ ನಿದರ್ಶನ: ಮೇನ್‌ಲ್ಯಾಂಡ್‌ನ ಇಕೇಜದಿಂದ ದ್ವೀಪದಾಚೆಯ ಅಜಾಗೆ ಹೋಗುವವರು ಮೊದಲು ಒಶೋಡಿಗೆ ಬರುತ್ತಾರೆ. ಒಶೋಡಿಯು ನಗರದ ಅತಿ ದಟ್ಟಣೆಯ ಬಸ್ ಕೂಡುದಾಣ. ಇಲ್ಲಿ ಮೂರು ಟರ್ಮಿನಲ್‌ಗಳನ್ನುಳ್ಳ ಹೊಸ ನಿಲ್ದಾಣ ಸಂಕೀರ್ಣವು 2019ರಲ್ಲಿ ಉದ್ಘಾಟನೆಗೊಂಡಿತು. ಅಲ್ಲಿಂದ ಗ್ಬಗಾಡ, ಒವೊರೊನ್‌ಶೋಕಿ ಮೂಲಕ ಥರ್ಡ್ ಮೇನ್‌ಲ್ಯಾಂಡ್ ಸೇತುವೆಯನ್ನು ದಾಟಿ ಒಬಾಲೆಂಡೆ ತಲುಪಬೇಕು. ಒಬಾಲೆಂಡೆಯಿಂದ ಲೆಕ್ಕಿ ಮಾರ್ಗವಾಗಿ ಅಜಾಗೆ ಬೇರೆ ಬಸ್ಸು ದೊರೆಯುತ್ತದೆ. ಹೀಗೆ ನಗರವನ್ನು ದಾಟಲು ಮೂರು ವಾಹನ, ಮೂರು ದರ ಮತ್ತು ಮೂರು ಕಾಯುವಿಕೆಗಳು ಬೇಕಾಗುತ್ತವೆ. ರಸ್ತೆ ತೆರವಿದ್ದಾಗ ಬೇಗ ಮುಗಿಯುವ ಈ ಪ್ರಯಾಣವು ದಟ್ಟಣೆಯ ವೇಳೆಯಲ್ಲಿ ಹಲವು ಗಂಟೆಗಳನ್ನು ತೆಗೆದುಕೊಳ್ಳಬಹುದು. ಕಚೇರಿ ಅಥವಾ ಸಂದರ್ಶನಕ್ಕೆ ಹೋಗುವವರು ಬೆಳಿಗ್ಗೆ ಆರು ಗಂಟೆಗೆ ಮೊದಲೇ ಹೊರಡುವುದು ಅಲ್ಲಿನ ರೂಢಿ.

8. ಸುರಕ್ಷತೆ

8.1 ‘ಒನ್ ಚಾನ್ಸ್’ ದರೋಡೆ: ‘ಇನ್ನೊಂದೇ ಸ್ಥಳ ಖಾಲಿ ಇದೆ’ ಎಂದು ಕರೆದು ಹತ್ತಿಸಿಕೊಂಡು ದೋಚುವ ಅಪರಾಧಕ್ಕೆ ಈ ಹೆಸರು ಬಂದಿದೆ. ಇಂತಹ ವಾಹನದಲ್ಲಿ ಚಾಲಕ, ನಿರ್ವಾಹಕ ಮತ್ತು ಪ್ರಯಾಣಿಕರಂತೆ ಕುಳಿತವರೆಲ್ಲರೂ ಒಂದೇ ತಂಡದವರಾಗಿರುತ್ತಾರೆ. ಹಣ, ಫೋನ್ ಮತ್ತು ಬ್ಯಾಂಕ್ ಕಾರ್ಡಿನ ರಹಸ್ಯ ಸಂಖ್ಯೆಯನ್ನು ಬೆದರಿಸಿ ಪಡೆದು ನಿರ್ಜನ ಸ್ಥಳದಲ್ಲಿ ಇಳಿಸಿ ಹೋಗುತ್ತಾರೆ. ಪ್ರಾಣಹಾನಿಯಾದ ಪ್ರಕರಣಗಳೂ ಇವೆ.

8.2 ಅಧಿಕೃತ ಬಸ್ಸುಗಳಲ್ಲಿಯೂ ಎಚ್ಚರ ತಪ್ಪಬಾರದು. 2022ರ ಫೆಬ್ರವರಿಯಲ್ಲಿ ಸಂಜೆಯ ವೇಳೆ ಅಧಿಕೃತ ಬಿ.ಆರ್.ಟಿ. ಬಸ್ಸನ್ನು ಹತ್ತಿದ ಯುವತಿಯೊಬ್ಬರು ಬಸ್ಸಿನ ಸ್ಥಿತಿಯ ಬಗ್ಗೆ ಅನುಮಾನಗೊಂಡು ಗೆಳತಿಗೆ ಫೋನ್ ಮೂಲಕ ಸಂದೇಶ ಕಳುಹಿಸಿದ್ದರು. ಕೆಲವು ದಿನಗಳ ನಂತರ ಅವರ ಶವ ಪತ್ತೆಯಾಯಿತು. 2025ರಲ್ಲಿ ನ್ಯಾಯಾಲಯವು ಬಸ್ಸಿನ ಚಾಲಕನನ್ನು ಅಪರಾಧಿಯೆಂದು ತೀರ್ಮಾನಿಸಿತು. ಅವರು ಕಳುಹಿಸಿದ ಸಂದೇಶಗಳು ಈ ಪ್ರಕರಣದಲ್ಲಿ ಮಹತ್ವ ಪಡೆದವು.

8.3 ಅನುಸರಿಸಬೇಕಾದ ಮುನ್ನೆಚ್ಚರಿಕೆಗಳು:

(ಅ) ಕತ್ತಲಾದ ಮೇಲೆ ನಿಲ್ದಾಣದ ಹೊರಗೆ ನಿಂತ ವಾಹನವನ್ನು ಹತ್ತಬಾರದು. ಸರದಿಯಲ್ಲಿರುವ ವಾಹನವನ್ನೇ ಆರಿಸಿಕೊಳ್ಳತಕ್ಕದ್ದು.
(ಆ) ಪ್ರಯಾಣಿಕರಿಲ್ಲದ ವಾಹನವನ್ನು ಒಬ್ಬರೇ ಹತ್ತಬಾರದು. ಮಹಿಳೆಯರು, ಮಕ್ಕಳು, ಸಾಮಾನು ಹಿಡಿದ ವ್ಯಾಪಾರಿಗಳು ಇರುವ ವಾಹನವು ಹೆಚ್ಚು ಸುರಕ್ಷಿತ.
(ಇ) ವಾಹನದ ನೋಂದಣಿ ಸಂಖ್ಯೆಯನ್ನು ಮನೆಯವರಿಗೆ ಅಥವಾ ಸಹೋದ್ಯೋಗಿಗಳಿಗೆ ಕಳುಹಿಸತಕ್ಕದ್ದು.
(ಈ) ಕಿಟಕಿಯ ಪಕ್ಕದಲ್ಲಿ ಕುಳಿತು ಫೋನ್ ಬಳಸಬಾರದು. ದಟ್ಟಣೆಯಲ್ಲಿ ವಾಹನ ನಿಂತಾಗ ಹೊರಗಿನಿಂದ ಕಸಿದುಕೊಳ್ಳುವ ಸಂಭವವಿದೆ.
(ಉ) ಪಾಸ್‌ಪೋರ್ಟಿನ ಮೂಲ ಪ್ರತಿ, ಒಡವೆ ಮತ್ತು ಹೆಚ್ಚಿನ ನಗದನ್ನು ಕೊಂಡೊಯ್ಯಬಾರದು. ಗುರುತಿಗೆ ನೆರಳಚ್ಚು ಪ್ರತಿಯನ್ನು ಇಟ್ಟುಕೊಳ್ಳತಕ್ಕದ್ದು.
(ಊ) ದರೋಡೆಗೆ ಒಳಗಾದಲ್ಲಿ ಪ್ರತಿಭಟಿಸಬಾರದು. ವಸ್ತುವಿಗಿಂತ ಪ್ರಾಣ ಮುಖ್ಯ.
(ಋ) ತುರ್ತು ಸಂದರ್ಭದಲ್ಲಿ ಲಾಗೋಸ್ ರಾಜ್ಯದ ತುರ್ತು ದೂರವಾಣಿ ಸಂಖ್ಯೆ 767 ಅಥವಾ 112ಕ್ಕೆ ಕರೆ ಮಾಡತಕ್ಕದ್ದು.

9. ಇತರ ಸಾರಿಗೆ ಸೌಲಭ್ಯಗಳು

9.1 ಬಿ.ಆರ್.ಟಿ.: 2002ರಲ್ಲಿ ಲಾಗೋಸ್ ಮಹಾನಗರ ಸಾರಿಗೆ ಪ್ರಾಧಿಕಾರವು ರಚನೆಯಾಯಿತು. 2008ರ ಮಾರ್ಚ್‌ನಲ್ಲಿ ಮೈಲ್ 12ರಿಂದ ಸಿ.ಎಂ.ಎಸ್.ವರೆಗೆ ಸುಮಾರು 22 ಕಿಲೋಮೀಟರ್ ಉದ್ದದ ಬಸ್ ಪಥದಲ್ಲಿ ಬಿ.ಆರ್.ಟಿ. ಸೇವೆ ಆರಂಭವಾಯಿತು. ಮೊದಲ ಹಂತದ ಬಸ್ಸುಗಳ ನಿರ್ವಹಣೆಯಲ್ಲಿ ಸಾರಿಗೆ ಕಾರ್ಮಿಕರ ಒಕ್ಕೂಟದ ಸದಸ್ಯರ ಸಹಕಾರ ಸಂಘವನ್ನೇ ಪಾಲುದಾರರನ್ನಾಗಿ ಮಾಡಿಕೊಂಡದ್ದು ಗಮನಾರ್ಹ.

9.2 ರೈಲು: ಮೈಲ್ 2ರಿಂದ ಮರೀನಾವರೆಗಿನ 13 ಕಿಲೋಮೀಟರ್ ಉದ್ದದ ನೀಲಿ ಮಾರ್ಗದಲ್ಲಿ 2023ರ ಸೆಪ್ಟೆಂಬರ್ 4ರಿಂದ ಪ್ರಯಾಣಿಕರ ಸಂಚಾರ ಆರಂಭವಾಯಿತು. ಅಗ್ಬಾಡೊದಿಂದ ಒಯಿಂಗ್ಬೊವರೆಗಿನ 27 ಕಿಲೋಮೀಟರ್ ಉದ್ದದ ಕೆಂಪು ಮಾರ್ಗದಲ್ಲಿ 2024ರ ಅಕ್ಟೋಬರ್‌ನಿಂದ ಸಂಚಾರ ಆರಂಭವಾಯಿತು. ಇಕೇಜ, ಒಶೋಡಿ, ಮುಶಿನ್ ಮತ್ತು ಯಾಬ ಈ ಮಾರ್ಗದಲ್ಲಿವೆ. ರೈಲು ಮತ್ತು ಬಿ.ಆರ್.ಟಿ. ಬಸ್ಸುಗಳಲ್ಲಿ ‘ಕೌರಿ’ ಎಂಬ ಮುಂಗಡ ಪಾವತಿ ಕಾರ್ಡನ್ನು ಬಳಸಲಾಗುತ್ತದೆ.

9.3 ಕೆಕೆ: ಭಾರತದಲ್ಲಿ ಆಟೊರಿಕ್ಷಾ ಎಂದು ಕರೆಯಲಾಗುವ ತ್ರಿಚಕ್ರ ವಾಹನಕ್ಕೆ ಅಲ್ಲಿ ‘ಕೆಕೆ’ ಎಂಬ ಹೆಸರಿದೆ. ಭಾರತದ ಬಜಾಜ್ ಮತ್ತು ಟಿ.ವಿ.ಎಸ್. ಕಂಪನಿಗಳ ವಾಹನಗಳು ವ್ಯಾಪಕ ಬಳಕೆಯಲ್ಲಿವೆ. ಬಡಾವಣೆಗಳ ಒಳರಸ್ತೆಗಳಲ್ಲಿ ಹಲವು ಪ್ರಯಾಣಿಕರು ಹಂಚಿಕೊಂಡು ಪ್ರಯಾಣಿಸುತ್ತಾರೆ.

9.4 ಒಕಾಡ: ಬಾಡಿಗೆಯ ಮೋಟಾರ್ ಸೈಕಲ್‌ಗೆ ‘ಒಕಾಡ’ ಎನ್ನುತ್ತಾರೆ. 2020ರ ಫೆಬ್ರವರಿ ಮತ್ತು 2022ರ ಜೂನ್‌ನಲ್ಲಿ ಹೊರಡಿಸಿದ ಆದೇಶಗಳ ಮೂಲಕ ಇಕೇಜ, ಸುರುಲೆರೆ, ಲಾಗೋಸ್ ದ್ವೀಪ ಮೊದಲಾದ ಆಡಳಿತ ಪ್ರದೇಶಗಳಲ್ಲಿ ಇವುಗಳನ್ನು ನಿಷೇಧಿಸಲಾಗಿದೆ. ನಿಷೇಧಿತ ಪ್ರದೇಶದಲ್ಲಿ ಇವುಗಳನ್ನು ಹತ್ತುವುದು ಕಾನೂನುಬಾಹಿರ.

10. ಸುಧಾರಣೆಯ ಪ್ರಯತ್ನಗಳು

ಹಳದಿ ಡಾನ್ಫೋ ವಾಹನಗಳನ್ನು ರಸ್ತೆಯಿಂದ ತೆಗೆದು ಆಧುನಿಕ ಬಸ್ಸುಗಳನ್ನು ಒದಗಿಸುವ ಉದ್ದೇಶವನ್ನು ರಾಜ್ಯ ಸರ್ಕಾರವು 2017ರಲ್ಲಿ ಪ್ರಕಟಿಸಿತು. 2021ರಲ್ಲಿ ಬಡಾವಣೆಗಳಿಂದ ಮುಖ್ಯ ಮಾರ್ಗಗಳಿಗೆ ಜನರನ್ನು ತಲುಪಿಸುವ ಸಣ್ಣ ಬಸ್ಸುಗಳ ಯೋಜನೆಯನ್ನು ಜಾರಿಗೊಳಿಸಲಾಯಿತು. ಆದರೂ ಡಾನ್ಫೋ ಸಂಚಾರ ನಿಂತಿಲ್ಲ. ಇದಕ್ಕೆ ಕಾರಣಗಳು ಎರಡು. ಮೊದಲನೆಯದಾಗಿ, ದೊಡ್ಡ ಬಸ್ಸು ಹೋಗಲಾರದ ಬಡಾವಣೆಗಳಿಗೂ ಡಾನ್ಫೋ ಹೋಗುತ್ತದೆ ಮತ್ತು ನಸುಕಿನಲ್ಲಿಯೂ ದೊರೆಯುತ್ತದೆ. ಎರಡನೆಯದಾಗಿ, ಒಂದು ಡಾನ್ಫೋ ವಾಹನವು ಮಾಲೀಕ, ಚಾಲಕ, ನಿರ್ವಾಹಕ, ದುರಸ್ತಿಗಾರ, ಬಿಡಿಭಾಗಗಳ ವ್ಯಾಪಾರಿ ಇವರೆಲ್ಲರ ಕುಟುಂಬಗಳಿಗೆ ಜೀವನಾಧಾರವಾಗಿದೆ. ಇವರಿಗೆ ಬೇರೆ ದುಡಿಮೆಯನ್ನು ಒದಗಿಸದೆ ವಾಹನಗಳನ್ನು ಮಾತ್ರ ತೆಗೆಯುವುದು ಕಾರ್ಯಸಾಧ್ಯವಾಗಿಲ್ಲ.

11. ಭಾರತೀಯ ಪ್ರಯಾಣಿಕರಿಗೆ ವಿಶೇಷ ಸೂಚನೆ

(1) ಲಾಗೋಸ್ ತಲುಪಿದ ದಿನ ವಿಮಾನ ನಿಲ್ದಾಣದಿಂದ ಸಾಮಾನು ಸಹಿತ ಡಾನ್ಫೋ ಪ್ರಯಾಣವನ್ನು ಕೈಗೊಳ್ಳಬಾರದು. ಉದ್ಯೋಗದಾತರ ಅಥವಾ ಪರಿಚಿತರ ವಾಹನವನ್ನು ಮುಂಚಿತವಾಗಿ ಗೊತ್ತುಪಡಿಸಿಕೊಳ್ಳತಕ್ಕದ್ದು.
(2) ಮೊದಲ ಕೆಲವು ಪ್ರಯಾಣಗಳನ್ನು ಹಗಲಿನಲ್ಲಿ, ಸ್ಥಳೀಯ ಸಹೋದ್ಯೋಗಿಯೊಬ್ಬರ ಜೊತೆಯಲ್ಲಿ ಮಾಡತಕ್ಕದ್ದು.
(3) ಮಳೆಗಾಲದಲ್ಲಿ, ವಿಶೇಷವಾಗಿ ಜೂನ್ ತಿಂಗಳಿನಲ್ಲಿ, ರಸ್ತೆಗಳು ಜಲಾವೃತವಾಗುವುದರಿಂದ ಹೆಚ್ಚಿನ ಸಮಯ ಮತ್ತು ಹೆಚ್ಚಿನ ಹಣವನ್ನು ಇಟ್ಟುಕೊಂಡು ಹೊರಡತಕ್ಕದ್ದು.
(4) ಪಾಸ್‌ಪೋರ್ಟ್ ಕಳುವಾದಲ್ಲಿ ಅಥವಾ ಅಪರಾಧಕ್ಕೆ ಒಳಗಾದಲ್ಲಿ ಸ್ಥಳೀಯ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ, ಭಾರತದ ಹೈಕಮಿಷನ್ ಅನ್ನು ಸಂಪರ್ಕಿಸತಕ್ಕದ್ದು. ಹೈಕಮಿಷನ್ ಕಚೇರಿಯು ಅಬುಜಾದಲ್ಲಿದೆ.
(5) ಚಾಲಕ ಮತ್ತು ನಿರ್ವಾಹಕರೊಡನೆ ಸೌಜನ್ಯದಿಂದ ವರ್ತಿಸತಕ್ಕದ್ದು. ದರದ ಬಗ್ಗೆ ಭಿನ್ನಾಭಿಪ್ರಾಯ ಬಂದಲ್ಲಿ ಸಹಪ್ರಯಾಣಿಕರನ್ನು ವಿಚಾರಿಸುವುದು ಉತ್ತಮ. ನ್ಯಾಯವಾದ ದರ ಎಷ್ಟೆಂಬುದು ಅವರಿಗೆ ತಿಳಿದಿರುತ್ತದೆ. ಅನ್ಯಾಯವಾದಾಗ ಅವರು ಸಾಮಾನ್ಯವಾಗಿ ಪ್ರಯಾಣಿಕನ ಪರವಾಗಿಯೇ ಮಾತನಾಡುತ್ತಾರೆ.